ತಾಮ್ರದ ಮೇಲೆ ಉತ್ತ ಸಾಲು: ರೆಂಬ್ರಾಂಟನ ಗೀರುಗಳನ್ನು ನೋಡುವ ಬಗೆ

1650ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ರೆಂಬ್ರಾಂಟ್ ಒಂದು ಕಡಲಚಿಪ್ಪಿನ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಗೀರಿದ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ನೀರಿನಲ್ಲಿ ಸಿಗುವ, ಕಪ್ಪು ಮೈಯ ತುಂಬ ಬಿಳಿ ಮಚ್ಚೆಗಳಿರುವ ಶಂಕುವಿನಾಕಾರದ ಚಿಪ್ಪು ಅದು. ದೂರದ ಕಡಲುಗಳಿಂದ ಹಡಗಿನಲ್ಲಿ ಬರುತ್ತಿದ್ದ ಇಂಥ ವಸ್ತುಗಳನ್ನು ಕೊಂಡು ಕೂಡಿಡುವ ಹುಚ್ಚು ಅವನಿಗಿತ್ತು. ಚಿತ್ರ ಅಂಗೈಗಿಂತ ಸ್ವಲ್ಪ ದೊಡ್ಡದು. ಚಿಪ್ಪಿನ ನುಣುಪು, ಅದರ ತೂಕ, ಅದು ಮಲಗಿರುವ ಮೇಜಿನ ಮೇಲಿನ ನೆರಳು ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಆದರೆ ಪ್ರಾಣಿಶಾಸ್ತ್ರ ಬಲ್ಲವರು ಒಂದು ಸಂಗತಿಯನ್ನು ಕೂಡಲೇ ಗುರುತಿಸುತ್ತಾರೆ. ಚಿಪ್ಪಿನ ಸುರುಳಿ ತಿರುಗಬೇಕಾದ ದಿಕ್ಕಿಗೆ ತಿರುಗಿಲ್ಲ, ತಿರುಗುಮುರುಗಾಗಿದೆ. ನಮ್ಮ ಶಂಖದ ಲೆಕ್ಕದಲ್ಲಿ ಹೇಳುವುದಾದರೆ ಎಲ್ಲೆಡೆ ಸಿಗುವ ಎಡಮುರಿ ಚಿಪ್ಪು ಅವನ ಕೈಯಲ್ಲಿ ಅಪರೂಪದ ಬಲಮುರಿಯಾಗಿದೆ.

ಕಾರಣ ಸರಳ. ತಗಡಿನ ಮೇಲೆ ಗೀರಿದ್ದು ಕಾಗದಕ್ಕೆ ಇಳಿಯುವಾಗ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗುತ್ತದೆ. ರೆಂಬ್ರಾಂಟ್ ಎದುರಿಗಿದ್ದ ಚಿಪ್ಪನ್ನು ಕಂಡ ಹಾಗೆಯೇ ತಗಡಿಗೆ ಇಳಿಸಿದ. ಅದೇ ತಗಡಿನ ಮೂಲೆಯಲ್ಲಿ ತನ್ನ ಹೆಸರನ್ನೂ ವರ್ಷವನ್ನೂ ಮಾತ್ರ ಎಚ್ಚರಿಕೆಯಿಂದ ಉಲ್ಟಾ ಬರೆದ. ಹಾಗಾಗಿ ಅಚ್ಚಿನಲ್ಲಿ ಹೆಸರು ನೇರವಾಗಿ ಓದಲು ಸಿಗುತ್ತದೆ, ಚಿಪ್ಪು ಮಾತ್ರ ಪ್ರಕೃತಿಗೆ ವಿರುದ್ಧವಾಗಿ ನಿಂತಿದೆ. ಅವನು ಮರೆತನೆಂದು ನನಗೆ ಅನ್ನಿಸುವುದಿಲ್ಲ. ಚಿಪ್ಪಿನ ಮೇಲೆ ಬೆಳಕು ಹರಿಯುವ ಬಗೆ ಅವನಿಗೆ ಬೇಕಿತ್ತು, ಸುರುಳಿಯ ದಿಕ್ಕು ಬೇಕಿರಲಿಲ್ಲ.

ಈ ಚಿಪ್ಪಿನಿಂದ ಮಾತು ಆರಂಭಿಸಲು ಕಾರಣವಿದೆ. ರೆಂಬ್ರಾಂಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕತ್ತಲೆಯಿಂದ ಹೊಮ್ಮುವ ಮುಖಗಳ ಎಣ್ಣೆಬಣ್ಣದ ಚಿತ್ರಗಳು. 1606ರಲ್ಲಿ ಲೈಡನ್‌ನಲ್ಲಿ ಹುಟ್ಟಿ 1669ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೀರಿಕೊಂಡ ಈ ಕಲಾವಿದ ಸುಮಾರು ಮುನ್ನೂರು ಅಚ್ಚುಚಿತ್ರಗಳನ್ನೂ ಮಾಡಿದ್ದಾನೆ. ಗೋಡೆಯ ಮೇಲಿನ ಚಿತ್ರ ಊರು ಬಿಟ್ಟು ಹೋಗುವುದಿಲ್ಲ. ಕಾಗದದ ಅಚ್ಚು ಮಡಿಕೆಯೊಳಗೆ ಸೇರಿ ದೇಶ ದಾಟುತ್ತದೆ. ಅವನ ಹೆಸರನ್ನು ಯುರೋಪಿನ ಉದ್ದಗಲಕ್ಕೆ ಹೊತ್ತೊಯ್ದದ್ದು ಹೆಚ್ಚಾಗಿ ಈ ಅಚ್ಚುಗಳೇ. ಇವನ್ನು ಪೆನ್ನಿನ ಚಿತ್ರಗಳಂತೆ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಕೈಗೂ ನಮ್ಮ ಕಣ್ಣಿಗೂ ನಡುವೆ ತಾಮ್ರ, ಆಮ್ಲ, ಮಸಿ, ಬಟ್ಟೆ, ಕಾಗದ, ಉರುಳೆ ಇಷ್ಟೂ ನಿಂತಿವೆ. ಇವುಗಳಲ್ಲಿ ಒಂದೊಂದೂ ಚಿತ್ರಕ್ಕೆ ತನ್ನ ಪಾಲನ್ನು ಸೇರಿಸುತ್ತದೆ.

ಅಚ್ಚು ಎಂದ ಕೂಡಲೇ ರಬ್ಬರ್ ಸೀಲು ನೆನಪಾಗುವುದು ಸಹಜ. ಸೀಲಿನಲ್ಲಿ ಉಬ್ಬಿದ ಭಾಗಕ್ಕೆ ಮಸಿ ತಾಗುತ್ತದೆ, ತಗ್ಗಿನ ಭಾಗ ಕಾಗದವನ್ನು ಮುಟ್ಟುವುದಿಲ್ಲ. ಮರದ ಅಚ್ಚಿನಲ್ಲಿ ಬಟ್ಟೆಗೆ ಬಣ್ಣ ಹಾಕುವುದೂ ಹೀಗೆಯೇ. ತಾಮ್ರದ ತಗಡಿನ ಕೆಲಸ ಇದಕ್ಕೆ ತದ್ವಿರುದ್ಧ. ಅದನ್ನು ಅರ್ಥ ಮಾಡಿಕೊಳ್ಳಲು ನಮಗೆ ತಾಳೆಗರಿಯಷ್ಟು ಹತ್ತಿರದ ದಾರಿ ಬೇರೆ ಇಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟವೆಂಬ ಚೂಪು ಲೇಖನಿಯಿಂದ ಅಕ್ಷರ ಗೀರಿದಾಗ ಬರೆದದ್ದು ಸರಿಯಾಗಿ ಕಾಣುವುದೇ ಇಲ್ಲ. ಆಮೇಲೆ ಗರಿಯ ಮೇಲೆಲ್ಲ ಮಸಿ ತಿಕ್ಕಿ ಬಟ್ಟೆಯಿಂದ ಒರೆಸಿದರೆ ಮೇಲ್ಮೈ ಶುಭ್ರವಾಗುತ್ತದೆ, ಗೀರಿನೊಳಗೆ ಮಾತ್ರ ಕಪ್ಪು ಉಳಿದು ಅಕ್ಷರ ಮೂಡುತ್ತದೆ. ತಾಮ್ರದ ತಗಡಿನಲ್ಲೂ ನಡೆಯುವುದು ಇದೇ. ಇಲ್ಲಿ ಹೆಚ್ಚಿನದೆಂದರೆ ಕೊನೆಯ ಒಂದು ಹೆಜ್ಜೆ. ಒದ್ದೆ ಮಾಡಿದ ಕಾಗದವನ್ನು ತಗಡಿನ ಮೇಲಿಟ್ಟು, ಮೆತ್ತಗಿನ ಕಂಬಳಿ ಹೊದಿಸಿ, ಕಬ್ಬು ಗಾಣದ ಉರುಳೆಗಳ ನಡುವೆ ಹೋಗುವಂತೆ ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಆ ಒತ್ತಡಕ್ಕೆ ಒದ್ದೆ ಕಾಗದ ಗೀರಿನೊಳಗೆ ಇಳಿದು ಅಲ್ಲಿದ್ದ ಮಸಿಯನ್ನು ಎತ್ತಿಕೊಂಡು ಬರುತ್ತದೆ. ಅದಕ್ಕಾಗಿಯೇ ಇಂಥ ಅಚ್ಚಿನ ಗೆರೆಯ ಮೇಲೆ ಬೆರಳಾಡಿಸಿದರೆ ಮಸಿ ಕೂದಲೆಳೆಯಷ್ಟು ಉಬ್ಬಿರುವುದು ತಿಳಿಯುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತೂ ಇರುತ್ತದೆ.

ಇನ್ನು ಗೀರುವ ಬಗೆಗಳು. ಗೀರು ಹೇಗೆ ಬಂತು ಎನ್ನುವುದರ ಮೇಲೆ ಗೆರೆಯ ಸ್ವಭಾವ ನಿಂತಿದೆ. ರೆಂಬ್ರಾಂಟ್ ಮೂರು ಬಗೆಗಳನ್ನು ಬಳಸಿದ, ಒಂದೇ ತಗಡಿನಲ್ಲಿ ಮೂರನ್ನೂ ಬೆರೆಸಿದ್ದೂ ಉಂಟು.

ಮೊದಲನೆಯದು ಎಚ್ಚಿಂಗ್. ತಗಡಿಗೆ ಮೊದಲು ಮೇಣ, ರಾಳ ಮತ್ತು ಡಾಂಬರಿನಂಥ ಅಂಟು ಬೆರೆಸಿದ ತೆಳು ಲೇಪ ಕೊಡುತ್ತಾರೆ. ಅದರ ಮೇಲೆ ಸೂಜಿಯಿಂದ ಚಿತ್ರ ಬರೆಯಬೇಕು. ಸೂಜಿ ಲೋಹವನ್ನು ಕೊರೆಯುವುದಿಲ್ಲ, ಲೇಪವನ್ನು ಸರಿಸಿ ತಾಮ್ರವನ್ನು ಬರಿದು ಮಾಡುತ್ತದೆ ಅಷ್ಟೇ. ಆಮೇಲೆ ತಗಡನ್ನು ಆಮ್ಲಕ್ಕೆ ಒಡ್ಡಿದರೆ ಲೇಪವಿಲ್ಲದ ಕಡೆ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. 1645ರಲ್ಲಿ ಪ್ಯಾರಿಸ್ಸಿನ ಅಬ್ರಹಾಂ ಬೋಸ್ ಈ ಕಸುಬಿನ ಕೈಪಿಡಿ ಬರೆದಾಗ ವಿನೆಗರ್, ಉಪ್ಪು, ನವಸಾಗರ ಮತ್ತು ತಾಮ್ರದ ಕಿಲುಬನ್ನು ಸೇರಿಸಿ ಕುದಿಸಿದ ದ್ರಾವಣವನ್ನು ವಿವರಿಸಿದ. ನಮ್ಮಲ್ಲಿ ಕಲಾಯಿ ಹಾಕುವವರ ಬಳಿ ಇರುತ್ತಿದ್ದ ಅದೇ ನವಸಾಗರ. ಹೆಚ್ಚು ಹೊತ್ತು ಆಮ್ಲದಲ್ಲಿದ್ದರೆ ಗೀರು ಆಳವಾಗುತ್ತದೆ, ಹೆಚ್ಚು ಮಸಿ ಹಿಡಿಯುತ್ತದೆ, ಗೆರೆ ಕಡುಕಪ್ಪಾಗುತ್ತದೆ. ದೂರದ ಬೆಟ್ಟ ತಿಳಿಯಾಗಿ ಕಾಣಬೇಕಾದರೆ ತಗಡನ್ನು ಬೇಗ ಹೊರತೆಗೆದು, ಆ ಭಾಗಕ್ಕೆ ಮತ್ತೆ ಲೇಪ ಮುಚ್ಚಿ, ಉಳಿದ ಭಾಗವನ್ನು ಮತ್ತೊಮ್ಮೆ ಆಮ್ಲಕ್ಕೆ ಇಳಿಸಬೇಕು. ಅಂದರೆ ಇಲ್ಲಿ ಬಣ್ಣದ ಗಾಢತೆಯನ್ನು ಅಳೆಯುವುದು ಗಡಿಯಾರ. ಮೆತ್ತನೆಯ ಲೇಪದ ಮೇಲೆ ಸೂಜಿ ಎತ್ತ ಬೇಕಾದರೂ ಸರಾಗವಾಗಿ ಓಡುವುದರಿಂದ ಕೈಬರಹದ ಓಟವೆಲ್ಲ ಗೆರೆಯಲ್ಲಿ ಉಳಿಯುತ್ತದೆ. ರೆಂಬ್ರಾಂಟನಿಗೆ ಈ ಬಗೆ ಒಲಿದದ್ದು ಅದಕ್ಕೇ.

ಎರಡನೆಯದರಲ್ಲಿ ಆಮ್ಲವಿಲ್ಲ. ಬ್ಯೂರಿನ್ ಎಂಬ ಚೂಪು ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ತಾಮ್ರವನ್ನು ಎಳೆ ಎಳೆಯಾಗಿ ಕೆತ್ತಿ ತೆಗೆಯುತ್ತಾರೆ. ಗೆರೆ ಶಿಸ್ತಿನದು, ತುದಿಯಲ್ಲಿ ಮೊನೆಯಾಗಿ ಮುಗಿಯುತ್ತದೆ. ವರ್ಷಗಟ್ಟಲೆ ಕಲಿತವರ ಕೆಲಸ ಇದು. ರೆಂಬ್ರಾಂಟ್ ಇದನ್ನು ಅಲ್ಲಲ್ಲಿ ನೆರಳು ಗಟ್ಟಿ ಮಾಡಲು ಬಳಸಿದ, ಅದರ ಶಿಸ್ತಿಗೆ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ.

ಮೂರನೆಯದೇ ಡ್ರೈಪಾಯಿಂಟ್. ಲೇಪವೂ ಬೇಡ, ಆಮ್ಲವೂ ಬೇಡ. ಗಟ್ಟಿ ಸೂಜಿಯನ್ನು ಹಿಡಿದು ಬರಿ ತಾಮ್ರದ ಮೇಲೆ ಒತ್ತಿ ಎಳೆಯುವುದು. ನೇಗಿಲು ಹೊಡೆಯುವಾಗ ಸಾಲಿನ ಪಕ್ಕಕ್ಕೆ ಮಣ್ಣು ಎದ್ದು ನಿಲ್ಲುವುದಿಲ್ಲವೇ, ಹಾಗೆ ಸೂಜಿ ಹೋದ ದಾರಿಯ ಪಕ್ಕದಲ್ಲಿ ತಾಮ್ರ ಒರಟಾದ ಸಣ್ಣ ಬದುವಾಗಿ ಏಳುತ್ತದೆ. ಬ್ಯೂರಿನ್ ಹಿಡಿದವರು ಇಂಥ ಬದುವನ್ನು ಹೆರೆದು ತೆಗೆಯುತ್ತಾರೆ. ಡ್ರೈಪಾಯಿಂಟಿನ ಜೀವವೇ ಅದು. ಮಸಿ ಸಾಲಿನೊಳಗೂ ನಿಲ್ಲುತ್ತದೆ, ಬದುವಿನ ಬುಡದಲ್ಲೂ ತಂಗುತ್ತದೆ. ಅಚ್ಚಿನಲ್ಲಿ ಗೆರೆಯ ಸುತ್ತ ಮಖಮಲ್ಲಿನಂಥ, ಹೊಗೆ ಹಿಡಿದಂಥ ಮೆತ್ತನೆಯ ಕಪ್ಪು ಹರಡುತ್ತದೆ. ಆದರೆ ತಾಮ್ರದ ಆ ಬದು ತೀರ ನಾಜೂಕು. ಪ್ರತಿ ಸಲ ಬಟ್ಟೆಯಿಂದ ಒರೆಸಿದಾಗ, ಉರುಳೆಯ ಕೆಳಗೆ ಹೋದಾಗ ಅದು ಸ್ವಲ್ಪ ಸ್ವಲ್ಪ ಮಲಗುತ್ತದೆ. ಮೊದಲ ಹತ್ತು ಹದಿನೈದು ಪ್ರತಿಗಳಲ್ಲಿ ಕಾಣುವ ಸಿರಿ ಆಮೇಲೆ ಕರಗುತ್ತಾ ಹೋಗಿ ಬಡಕಲು ಗೆರೆ ಉಳಿಯುತ್ತದೆ. ಶಾಲೆಯ ಕೈವಾರದ ಮೊನೆಯಿಂದ ಹಳೆಯ ಅಲ್ಯೂಮಿನಿಯಂ ತಗಡಿನ ಮೇಲೆ ಒಂದು ಗೆರೆ ಎಳೆದು ಬೆರಳಾಡಿಸಿ ನೋಡಿ, ಬೆರಳಿಗೆ ತಾಗುವ ಆ ತರಿಯೇ ಈ ಬದು.

ಇಷ್ಟು ಗೊತ್ತಿದ್ದರೆ 1653ರ ‘ಮೂರು ಶಿಲುಬೆಗಳು’ ಅಚ್ಚಿನ ಎದುರು ನಿಲ್ಲಬಹುದು. ಏಸುವನ್ನು ಇಬ್ಬರು ಕಳ್ಳರ ನಡುವೆ ಶಿಲುಬೆಗೇರಿಸಿದ ಗಳಿಗೆ. ಅಗಲ ಸುಮಾರು 45 ಸೆಂಟಿಮೀಟರ್, ಎತ್ತರ 38. ಇಷ್ಟು ದೊಡ್ಡ ತಗಡನ್ನು ರೆಂಬ್ರಾಂಟ್ ಆಮ್ಲದ ನೆರವಿಲ್ಲದೆ ಡ್ರೈಪಾಯಿಂಟ್ ಮತ್ತು ಬ್ಯೂರಿನ್‌ನಿಂದಲೇ ಮಾಡಿದ. ಮೇಲಿನಿಂದ ಬೆಳಕು ಗುಡಾರದ ಆಕಾರದಲ್ಲಿ ಇಳಿಯುತ್ತದೆ. ಅದರೊಳಗೆ ಜನ, ಕುದುರೆ, ಸೈನಿಕರು, ಅಳುವ ಹೆಂಗಸರು. ಕೆಲವು ಪ್ರತಿಗಳನ್ನು ಕಾಗದದ ಬದಲು ಚರ್ಮಪತ್ರದ ಮೇಲೆ ಅಚ್ಚು ಹಾಕಿದ. ಚರ್ಮ ಮಸಿಯನ್ನು ಸುಲಭವಾಗಿ ಹೀರುವುದಿಲ್ಲವಾದ್ದರಿಂದ ಕಪ್ಪು ಅಲ್ಲಿ ಮೇಲೆಯೇ ನಿಂತು ಸ್ವಲ್ಪ ಹರಡಿ ಇಡೀ ದೃಶ್ಯ ಹಸಿಹಸಿಯಾಗಿ ಕಾಣುತ್ತದೆ.

ಪ್ರತಿಗಳನ್ನು ತೆಗೆಯುತ್ತಾ ಹೋದಂತೆ ಬದು ಸವೆಯಿತು. ಆಗ ಅವನು ಮಾಡಿದ್ದನ್ನು ಕೇಳಿದರೆ ಯಾವ ಅಕ್ಕಸಾಲಿಗನಿಗೂ ಎದೆ ಝಲ್ಲೆಂದೀತು. ತಗಡನ್ನು ತಿದ್ದಿ ಹೊಸದಾಗಿ ಪ್ರತಿ ತೆಗೆದಾಗಲೆಲ್ಲ ಅದನ್ನು ಅಚ್ಚಿನ ಒಂದು ‘ಹಂತ’ ಎಂದು ಎಣಿಸುತ್ತಾರೆ. ನಾಲ್ಕನೆಯ ಹಂತದಲ್ಲಿ, ಬಹುಶಃ ಹಲವು ವರ್ಷಗಳ ಬಳಿಕ, ತಗಡಿನ ಬಹುಭಾಗವನ್ನು ಹೆರೆದು ಉಜ್ಜಿ ತೆಗೆದು ಮತ್ತೆ ಗೀರಿದ. ಜನಸಂದಣಿಯಲ್ಲಿ ಅನೇಕರು ಮಾಯವಾದರು. ಕುದುರೆಯ ಮೇಲೆ ಎತ್ತರದ ಟೊಪ್ಪಿಗೆಯ ಹೊಸ ಸವಾರನೊಬ್ಬ ಬಂದ, ಆ ಆಕೃತಿಯನ್ನು ಅವನು ಇಟಲಿಯ ಪಿಸಾನೆಲ್ಲೋ ಮಾಡಿದ ಹಳೆಯ ಪದಕವೊಂದರಿಂದ ತೆಗೆದುಕೊಂಡಿದ್ದ. ಮೇಲಿನಿಂದ ಕೆಳಕ್ಕೆ ನೇರ, ಒರಟು, ನಿರ್ದಾಕ್ಷಿಣ್ಯ ಗೀರುಗಳು ಬಿದ್ದವು. ಬಲಬದಿಯ ಶಿಲುಬೆ ಬಹುತೇಕ ಕತ್ತಲಲ್ಲಿ ಮುಳುಗಿತು. ಮೊದಲ ಹಂತದ ಪ್ರತಿ ಒಂದು ಘಟನೆಯನ್ನು ತೋರಿಸಿದರೆ ನಾಲ್ಕನೆಯ ಹಂತದ ಪ್ರತಿಯಲ್ಲಿ ಸೂರ್ಯ ಕಂತಿ ಭೂಮಿ ನಡುಗಿದ ಹೊತ್ತೇ ಇದೆ. ಎರಡಕ್ಕೂ ತಾಮ್ರ ಒಂದೇ. ಹಳೆಯ ಗೀರುಗಳ ಪಳೆಯುಳಿಕೆ ಹೊಸ ಕತ್ತಲೆಯೊಳಗೆ ಅಲ್ಲಲ್ಲಿ ಇಣುಕುತ್ತದೆ. ಸವೆದ ತಗಡನ್ನು ಸರಿಪಡಿಸಿ ಇನ್ನಷ್ಟು ಪ್ರತಿ ಮಾರುವ ಉದ್ದೇಶವೂ ಅವನಿಗೆ ಇದ್ದಿರಬಹುದು. ಆದರೆ ಬರಿಯ ದುರಸ್ತಿಗೆ ಯಾರೂ ಇಷ್ಟು ಧೈರ್ಯ ಮಾಡುವುದಿಲ್ಲ.

1655ರಲ್ಲಿ ಏಸುವನ್ನು ಜನರ ಮುಂದೆ ನಿಲ್ಲಿಸಿದ ದೃಶ್ಯವನ್ನು ಗೀರಿದಾಗಲೂ ಹೀಗೆಯೇ ಆಯಿತು. ಅದಕ್ಕೆ ಎಂಟು ಹಂತಗಳಿವೆ. ಮೊದಲ ಹಂತಗಳಲ್ಲಿ ಕಟ್ಟೆಯ ಮುಂದೆ ಜನ ಕಿಕ್ಕಿರಿದಿದ್ದಾರೆ. ಕೊನೆಗೆ ಬರುವ ಹೊತ್ತಿಗೆ ಅವರೆಲ್ಲ ಹೆರೆದುಹೋಗಿ, ಅವರಿದ್ದ ಜಾಗದಲ್ಲಿ ಕಲ್ಲುಕಟ್ಟೆಯ ಎರಡು ಕಪ್ಪು ಕಮಾನುಗಳು ಬಾಯಿ ತೆರೆದಿವೆ. ಜನ ಇಲ್ಲದ ಮೇಲೆ ಏಸುವಿನ ಎದುರು ನಿಂತವರು ನಾವೇ ಆಗುತ್ತೇವೆ. ಸಂಗ್ರಾಹಕರಿಗೆ ಈ ಹಂತಗಳ ರುಚಿ ಹತ್ತಿತ್ತು. ಅವನ ಕಾಲದ ನಂತರ 1718ರಲ್ಲಿ ಜೀವನಚರಿತ್ರೆ ಬರೆದ ಹೌಬ್ರಾಕೆನ್, ಜೂನೋ ದೇವತೆಯ ಅಚ್ಚನ್ನು ಕಿರೀಟವಿರುವ ಮತ್ತು ಕಿರೀಟವಿಲ್ಲದ ಎರಡೂ ಬಗೆಯಲ್ಲಿ ಇಟ್ಟುಕೊಳ್ಳದವರನ್ನು ರಸಿಕರೆಂದೇ ಎಣಿಸುತ್ತಿರಲಿಲ್ಲ ಎಂದು ದೂರುತ್ತಾನೆ.

ತಗಡು ಒಂದೇ, ಹಂತವೂ ಒಂದೇ ಎಂದಿಟ್ಟುಕೊಳ್ಳಿ. ಆಗಲೂ ಎರಡು ಪ್ರತಿಗಳು ಒಂದೇ ಥರ ಇರುವುದಿಲ್ಲ. ವ್ಯತ್ಯಾಸದ ಒಂದು ಮೂಲ ಒರೆಸುವ ಕೈ. ಅಗಸೆ ಎಣ್ಣೆಯಲ್ಲಿ ಇದ್ದಿಲಿನಂಥ ಕರಿಪುಡಿ ಅರೆದ ಮಸಿಯನ್ನು ತಗಡಿನ ಮೇಲ್ಮೈಯಿಂದ ಪೂರ್ತಿ ಒರೆಸಿದರೆ ಗೆರೆ ಮಾತ್ರ ಅಚ್ಚಾಗುತ್ತದೆ. ಬೇಕೆಂದೇ ಒಂದು ತೆಳು ಪದರ ಬಿಟ್ಟರೆ ಇಡೀ ಕಾಗದದ ಮೇಲೆ ಮುಸ್ಸಂಜೆ ಹರಡುತ್ತದೆ. ರೆಂಬ್ರಾಂಟ್ ಈ ಪದರವನ್ನು ಕುಂಚದ ಬಣ್ಣದಂತೆ ಬಳಸಿದ. ಎಲ್ಲಿ ಹಣತೆಯ ಬೆಳಕು ಬೇಕೋ ಅಲ್ಲಿ ಚೊಕ್ಕವಾಗಿ ಒರೆಸಿ ಉಳಿದೆಡೆ ಕತ್ತಲನ್ನು ಬಿಟ್ಟ.

ಇನ್ನೊಂದು ಮೂಲ ಕಾಗದ. ಯುರೋಪಿನ ಬಿಳಿ ಕಾಗದ ಹಳೆಯ ಲಿನನ್ ಚಿಂದಿಯ ತಿರುಳಿನದು, ಗಟ್ಟಿ. 1640ರ ದಶಕದ ಕೊನೆಯಿಂದ ಅವನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಂದ ಜಪಾನಿ ಕಾಗದವನ್ನು ಬಳಸತೊಡಗಿದ. ಅದು ಗಿಡದ ತೊಗಟೆಯ ನಾರಿನದು, ರೇಷ್ಮೆಯಂತೆ ನಯ, ಬೆಣ್ಣೆಯ ಬಣ್ಣದಿಂದ ಜೇನಿನ ಬಣ್ಣದವರೆಗೆ ಬೆಚ್ಚಗಿನ ಛಾಯೆ. ಮಸಿಯನ್ನು ಅಕ್ಕರೆಯಿಂದ ಹಿಡಿಯುತ್ತದೆ, ಮೆತ್ತಗಿರುವುದರಿಂದ ತಾಮ್ರದ ಬದುವನ್ನು ಅಷ್ಟು ಬೇಗ ಸವೆಸುವುದಿಲ್ಲ. ಅದರ ಮೇಲೆ ಗೆರೆಗಳು ಒಂದರೊಳಗೊಂದು ಸೇರಿ ತಾಪ ಪಡೆಯುತ್ತವೆ.

‘ನೂರು ಗಿಲ್ಡರಿನ ಅಚ್ಚು’ ಎಂದು ಹೆಸರಾದ ಸುಮಾರು 1648ರ ಚಿತ್ರವನ್ನು ಜಪಾನಿ ಕಾಗದದಲ್ಲಿ ಕಂಡವರು ಮರೆಯುವುದಿಲ್ಲ. ಒಂದು ಪ್ರತಿ ಅಷ್ಟು ಬೆಲೆಗೆ ಹೋಯಿತೆಂಬ ಮಾತಿನಿಂದ ಬಂದ ಹೆಸರು ಅದು. ಏಸುವಿನ ಬಳಿಗೆ ರೋಗಿಗಳು, ಮಕ್ಕಳನ್ನೆತ್ತಿಕೊಂಡ ತಾಯಂದಿರು, ವಾದಕ್ಕಿಳಿದ ಪಂಡಿತರು ಬಂದು ಸೇರಿದ್ದಾರೆ. ಎಡಗಡೆಯ ಪಂಡಿತರನ್ನು ಬರಿಯ ರೇಖೆಯಲ್ಲಿ, ಒಳಗೆ ಏನನ್ನೂ ತುಂಬದೆ ಬಿಟ್ಟಿದ್ದಾನೆ. ಬಲಗಡೆ ಹೆಬ್ಬಾಗಿಲ ಕತ್ತಲಿನಿಂದ ಬರುವ ರೋಗಿಗಳನ್ನು ಸಾವಿರ ಗೀರುಗಳ ಮೇಲೆ ಗೀರಿಟ್ಟು ನೆರಳಲ್ಲಿ ನಿಲ್ಲಿಸಿದ್ದಾನೆ. ಎಚ್ಚಿಂಗ್, ಡ್ರೈಪಾಯಿಂಟ್, ಬ್ಯೂರಿನ್ ಮೂರೂ ಇಲ್ಲಿ ಒಟ್ಟಿಗಿವೆ. ಈ ತಗಡಿನ ಮುಂದಿನ ಗತಿ ನನಗೆ ಯಾವಾಗಲೂ ಸಂಕಟ ತರುತ್ತದೆ. 1775ರಲ್ಲಿ ಕ್ಯಾಪ್ಟನ್ ವಿಲಿಯಂ ಬೇಯ್ಲಿ ಎಂಬವನು ಅದನ್ನು ಕೊಂಡು, ಸವೆದ ಗೆರೆಗಳನ್ನು ತಾನೇ ಮತ್ತೆ ಗೀರಿ ಪ್ರತಿ ತೆಗೆದು, ಆಮೇಲೆ ತಗಡನ್ನು ನಾಲ್ಕು ತುಂಡು ಮಾಡಿ ಒಂದೊಂದನ್ನೂ ಬೇರೆ ಚಿತ್ರವಾಗಿ ಅಚ್ಚು ಹಾಕಿದ. ಅದೃಷ್ಟಕ್ಕೆ ರೆಂಬ್ರಾಂಟನ ಸುಮಾರು ಎಂಬತ್ತು ತಗಡುಗಳು ಇಂದಿಗೂ ಉಳಿದಿವೆ.

ಕಾಗದದ ಮೇಲಿನ ರೇಖಾಚಿತ್ರಗಳಿಗೆ ಬಂದರೆ ಅಲ್ಲೂ ವಸ್ತುವಿನ ಆಯ್ಕೆ ಹೊತ್ತಿಗೆ ತಕ್ಕಂತೆ ಬದಲಾಗುವುದನ್ನು ಕಾಣಬಹುದು. 1633ರ ಜೂನ್ 8ರಂದು, ನಿಶ್ಚಿತಾರ್ಥವಾದ ಮೂರನೆಯ ದಿನ, ಅವನು ಸಾಸ್ಕಿಯಾಳನ್ನು ಚಿತ್ರಿಸಿದ. ಹುಲ್ಲುಟೊಪ್ಪಿಗೆ ಹಾಕಿ ಕೆನ್ನೆಗೆ ಕೈ ಕೊಟ್ಟು ಕೂತ ಆ ಚಿತ್ರ ಬೆಳ್ಳಿಕಡ್ಡಿಯದು. ಬಿಳಿ ಲೇಪ ಕೊಟ್ಟ ಚರ್ಮಪತ್ರದ ಮೇಲೆ ಬೆಳ್ಳಿಯ ಮೊನೆಯನ್ನು ಆಡಿಸಿದರೆ ಲೋಹ ಸವೆದು ಬೂದು ಗೆರೆಯಾಗಿ ಕೂರುತ್ತದೆ, ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಒತ್ತಿದರೂ ಹೆಚ್ಚು ಕಪ್ಪಾಗುವುದಿಲ್ಲ, ಅಳಿಸಲೂ ಆಗುವುದಿಲ್ಲ. ಮಾತು ಕೊಟ್ಟ ದಿನಗಳಿಗೆ ಸರಿಯಾದ ವಸ್ತು. ಎರಡು ದಶಕಗಳ ಬಳಿಕ, ಸುಮಾರು 1654ರಲ್ಲಿ, ಮಲಗಿದ ತರುಣಿಯೊಬ್ಬಳನ್ನು ಬರೆಯುವಾಗ ಅವನಿಗೆ ಬೇಕಾದದ್ದು ಕುಂಚ ಮತ್ತು ಕಂದು ಶಾಯಿ ಮಾತ್ರ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆ ಚಿತ್ರದಲ್ಲಿ ಹತ್ತಾರು ಎಳೆತಗಳಿಗೇ ತೋಳಿನ ಭಾರ, ಬಟ್ಟೆಯ ಮಡಿಕೆ, ನಿದ್ದೆಯ ಉಸಿರು ಎಲ್ಲ ಬಂದಿವೆ. ಕುಂಚ ಒಣಗುತ್ತಾ ಬಂದಂತೆ ಗೆರೆ ಸೀಳುವುದನ್ನೂ ಅವನು ಮುಚ್ಚಿಲ್ಲ.

ಅವನ ಇನ್ನೊಂದು ಶಾಯಿ, ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡಿದ್ದು. ಬರೆಯುವಾಗ ಕಪ್ಪು, ಬರಬರುತ್ತಾ ಕಂದು. ಆಮ್ಲೀಯವಾದ್ದರಿಂದ ದಟ್ಟವಾಗಿ ಬಿದ್ದಲ್ಲಿ ಅದು ಶತಮಾನಗಳ ಅವಧಿಯಲ್ಲಿ ಕಾಗದವನ್ನೇ ತಿನ್ನುತ್ತದೆ. ತಾಮ್ರ ತಿನ್ನಲು ಅವನು ಆಮ್ಲವನ್ನು ಕರೆದ. ಇಲ್ಲಿ ಅದು ಕರೆಯದೆ ಬಂದಿದೆ.

ಸುಮಾರು 1656ರಿಂದ 1661ರ ನಡುವೆ ಬರೆದ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಭಾರತಕ್ಕೆ ಸೇರಿದ ಮಾತು. ಅವು ಮೊಘಲ್ ಚಿಕಣಿ ಚಿತ್ರಗಳನ್ನು ನೋಡಿ ಬರೆದವು. ಜಹಾಂಗೀರ್, ಷಹಜಹಾನ್, ಕುದುರೆ ಸವಾರರು, ಮರದ ಕೆಳಗೆ ಕೂತ ನಾಲ್ವರು ಹಿರಿಯರು. ಏಷ್ಯಾದಿಂದ ಬಂದ ನಯವಾದ ಕಾಗದವನ್ನೇ ಇವಕ್ಕೆ ಆರಿಸಿಕೊಂಡಿದ್ದಾನೆ. ಸಾಮಾನ್ಯವಾಗಿ ಕೋಲ್ಮಿಂಚಿನಂತೆ ಓಡುವ ಅವನ ಪೆನ್ನು ಇಲ್ಲಿ ಮಾತ್ರ ಸಣ್ಣ ಗೆರೆಯಲ್ಲಿ ತಾಳ್ಮೆಯಿಂದ ನಡೆಯುತ್ತದೆ. ಆಭರಣ, ಪಾದರಕ್ಷೆ, ನಡುಕಟ್ಟಿನ ಅಂಚು ಒಂದೊಂದನ್ನೂ ಗಮನಿಸಿದ್ದಾನೆ. ನಾಲ್ವರು ಹಿರಿಯರು ಕೂತ ಬಗೆ ಅವನ ಮನಸ್ಸಿನಲ್ಲಿ ಉಳಿದು, 1656ರ ಎಚ್ಚಿಂಗ್ ಒಂದರಲ್ಲಿ ಅಬ್ರಹಾಮನ ಮನೆಬಾಗಿಲಲ್ಲಿ ನೆಲದ ಮೇಲೆ ಕೂತು ಉಣ್ಣುವ ದೇವದೂತರಾಗಿ ಮರಳಿತು. ಅದೇ ವರ್ಷ ಅವನು ಸಾಲದಲ್ಲಿ ಮುಳುಗಿ ದಿವಾಳಿಯಾದ. ಅಧಿಕಾರಿಗಳು ಬಂದು ಮನೆಯ ವಸ್ತುಗಳನ್ನು 363 ಬಾಬತ್ತುಗಳಲ್ಲಿ ಪಟ್ಟಿ ಮಾಡಿದರು.

ಎಣ್ಣೆಬಣ್ಣದ ಬಗ್ಗೆ ಎರಡೇ ಮಾತು ಹೇಳುತ್ತೇನೆ. ಮೊದಲನೆಯದು ತಳಬಣ್ಣ. 1642ರ ‘ರಾತ್ರಿ ಪಹರೆ’ಯಿಂದ ಆಚೆಗೆ ಅವನ ಅನೇಕ ಕ್ಯಾನ್ವಾಸುಗಳ ತಳದಲ್ಲಿ ಮರಳಿನ ಬೆಣಚುಪುಡಿಗೆ ಸ್ವಲ್ಪ ಜೇಡಿ ಬೆರೆಸಿದ ಕಂದು ಲೇಪವಿದೆ. ಅಗ್ಗದ ವಸ್ತು, ಮಣ್ಣಿನ ಬಣ್ಣ. ಬಿಳಿ ಕಾಗದದಲ್ಲಿ ಬೆಳಕು ಮೊದಲೇ ಇರುತ್ತದೆ, ಗೀರಿ ಕತ್ತಲು ತರಬೇಕು. ಕಂದು ಕ್ಯಾನ್ವಾಸಿನಲ್ಲಿ ಕತ್ತಲು ಮೊದಲೇ ಇರುತ್ತದೆ, ಬಣ್ಣ ಕೂರಿಸಿ ಬೆಳಕು ತರಬೇಕು. ಅವನಿಗೆ ಎರಡೂ ಕಡೆಯಿಂದ ನಡೆದು ಬರಲು ಗೊತ್ತಿತ್ತು.

ಎರಡನೆಯದು ಬಿಳಿ. ಸೀಸದ ಸುರುಳಿಗಳನ್ನು ವಿನೆಗರ್ ಇರುವ ಮಡಕೆಯಲ್ಲಿಟ್ಟು ಕುದುರೆ ಲದ್ದಿಯಲ್ಲಿ ಹೂತರೆ ಕೆಲವು ವಾರಗಳಲ್ಲಿ ಸೀಸದ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಅದನ್ನು ಅರೆದು ಎಣ್ಣೆಯಲ್ಲಿ ಕಲಸಿದ್ದೇ ಸೀಸಬಿಳಿ, ವಿಷವಾದರೂ ಚಿತ್ರಕಾರರ ಪ್ರಾಣ. ‘ಯಹೂದಿ ವಧು’ ಚಿತ್ರದಲ್ಲಿ ಗಂಡಿನ ಚಿನ್ನದ ಬಣ್ಣದ ತೋಳನ್ನು ಹತ್ತಿರದಿಂದ ನೋಡಿದರೆ ಬಣ್ಣ ದಪ್ಪನೆ ಗಟ್ಟಿಯಾಗಿ ಗುಡ್ಡೆಗಟ್ಟಿ ನಿಂತಿದೆ. ಕೋಣೆಯ ಬೆಳಕು ಆ ಉಬ್ಬುಗಳಿಗೆ ಬಡಿದು ನಿಜವಾಗಿ ಹೊಳೆಯುತ್ತದೆ. ಇಷ್ಟು ದಪ್ಪ ಬಣ್ಣ ಜಾರದೆ ನಿಂತದ್ದು ಹೇಗೆ ಎಂಬುದಕ್ಕೆ 2019ರಲ್ಲಿ ಒಂದು ಸುಳಿವು ಸಿಕ್ಕಿತು. ಅವನ ಬೇರೆ ಮೂರು ಚಿತ್ರಗಳಿಂದ, ಅಂದರೆ ಮಾರ್ಟೆನ್ ಸೋಲ್ಮನ್ಸ್, ಸುಸಾನಾ ಮತ್ತು ಬತ್ಶೆಬಾ ಚಿತ್ರಗಳಿಂದ ತೆಗೆದ ಸಾಸಿವೆಗಿಂತ ಸಣ್ಣ ಚೂರುಗಳನ್ನು ಎಕ್ಸ್‌ರೇ ಕಿರಣಗಳಲ್ಲಿ ಪರೀಕ್ಷಿಸಿದಾಗ, ದಪ್ಪ ಬಿಳಿ ಪದರದಲ್ಲಿ ಪ್ಲಂಬೋನ್ಯಾಕ್ರೈಟ್ ಎಂಬ ಅಪರೂಪದ ಸೀಸದ ಸಂಯುಕ್ತ ಕಂಡಿತು. ಎಣ್ಣೆಗೆ ಸೀಸದ ಆಕ್ಸೈಡನ್ನು ಸೇರಿಸಿ ಅವನು ಬಣ್ಣವನ್ನು ಬೆಣ್ಣೆಯ ಹದಕ್ಕೆ ತಂದಿದ್ದ ಎಂಬುದು ವಿಜ್ಞಾನಿಗಳ ವಿವರಣೆ.

ಬಣ್ಣವನ್ನು ಕೂರಿಸಿದ ಹಾಗೆ ಕೆರೆದದ್ದೂ ಇದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಅವನ ಸುಮಾರು 1628ರ ಪುಟ್ಟ ಆತ್ಮಚಿತ್ರವಿದೆ. ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸು. ಮುಖದ ಬಹುಭಾಗ ನೆರಳಿನಲ್ಲಿದೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ಗುಂಗುರು ಕೂದಲಿನ ಎಳೆಗಳನ್ನು ಅವನು ಬಣ್ಣದಿಂದ ಬರೆದಿಲ್ಲ. ಹಸಿ ಬಣ್ಣ ಹಚ್ಚಿ, ಕುಂಚವನ್ನು ತಿರುಗಿಸಿ ಹಿಡಿದು, ಅದರ ಹಿಡಿಯ ತುದಿಯಿಂದ ಗೀರಿದ್ದಾನೆ. ಮರುವರ್ಷ, 1629ರಲ್ಲಿ, ಅದೇ ಗುಂಗುರು ಕೂದಲಿನ ಅದೇ ಮುಖವನ್ನು ತಾಮ್ರದ ಮೇಲೆ ಗೀರಿದ. ಹತ್ತಿರದಿಂದ ನೋಡಿದರೆ ಅದರಲ್ಲಿ ಅನೇಕ ಗೆರೆಗಳು ಜೋಡಿಯಾಗಿ ಒಂದರ ಪಕ್ಕದಲ್ಲಿ ಒಂದು ಓಡುತ್ತವೆ. ಎರಡು ಮೊನೆಯ ಯಾವುದೋ ಸಲಕರಣೆ ಕೈಯಲ್ಲಿತ್ತು. ಆ ಅಚ್ಚಿನ ಎರಡೇ ಪ್ರತಿಗಳು ಇಂದು ಗೊತ್ತಿವೆ, ಒಂದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಇನ್ನೊಂದು ಲಂಡನ್ನಿನಲ್ಲಿ.